ತುದಿ ಸವೆದ ಎಡಗಾಲ ಶೂ

ಡಿಸೆಂಬರ್ ಐದರ ಬೆಳಿಗ್ಗೆ ವೆಂಡೆಲಾ ಎಮ್ರಿಸ್‌ನ ಬಲಗಾಲಿನ ಶೂವಿಗೆ ಒಂದು ಸಲ ಪಾಲಿಶ್ ಹಚ್ಚಿದಳು. ಎಡಗಾಲಿನದಕ್ಕೆ ಮೂರು ಸಲ. ಎಡಗಾಲ ಶೂವಿನ ಮೂತಿಯ ಮೇಲೆ, ಹೊಲಿಗೆಗಿಂತ ಸ್ವಲ್ಪ ಮುಂದೆ, ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಬಣ್ಣ ಹೋಗಿ ತೊಗಲು ಬಿಳಿಚಿಕೊಂಡಿತ್ತು. ಆ ಜಾಗಕ್ಕೆ ಕಡುಕಂದು ಮೇಣವನ್ನು ಬೆರಳಿನ ಬಿಸಿಯಲ್ಲಿ ಕರಗಿಸಿ, ಸಣ್ಣ ಸಣ್ಣ ವೃತ್ತಗಳಲ್ಲಿ ತಿಕ್ಕಿ, ಆರಲು ಬಿಟ್ಟು, ಮತ್ತೆ ತಿಕ್ಕಿದಳು. ಮೂರನೆಯ ಸಲಕ್ಕೆ ಕಲೆ ಕಾಣದಂತಾಯಿತು.

"ಶೂ ಅಂಗಡಿಯವರ ಮಗಳನ್ನ ಕಟ್ಟಿಕೊಳ್ಳೋನಿಗೆ ಇದೊಂದು ಸುಖ ನೋಡು," ಎಂದ ಎಮ್ರಿಸ್, ಸ್ನಾನದ ಮನೆಯಿಂದ ತಲೆ ಒರೆಸಿಕೊಳ್ಳುತ್ತ ಬಂದು. "ನಮ್ಮಮ್ಮ ಕೂಡ ಇಷ್ಟು ಮುತುವರ್ಜಿ ಮಾಡಿರಲಿಲ್ಲ."

ವೆಂಡೆಲಾ ಪಾಲಿಶ್ ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು. ಹಾಲೆಂಡಿನ ದಕ್ಷಿಣದ ವಾಲ್ವೇಕ್ ಊರಿನಲ್ಲಿ ಅವಳ ತಂದೆ ಗೋವರ್ಟ್ ನಲವತ್ತು ವರ್ಷ ಊನಕಾಲಿನವರಿಗೆ ಅಳತೆಯ ಶೂ ಹೊಲಿದವರು. ಅವಳು ಬೆಳೆದದ್ದು ಆ ಅಂಗಡಿಯ ಕೌಂಟರಿನ ಕೆಳಗೆ. ಅಟ್ಟೆ ಸವೆದರೆ ಅದು ದಾರಿಯ ತಪ್ಪು, ಹಿಮ್ಮಡಿ ಒಂದು ಪಕ್ಕಕ್ಕೆ ಸವೆದರೆ ಮೈಭಾರದ ತಪ್ಪು, ಆದರೆ ಒಂದೇ ಕಾಲಿನ ಶೂವಿನ ಮೂತಿ ಮೇಲಿನಿಂದ ಸವೆದರೆ ಆ ಪಾದ ಮೇಲೇಳುವುದನ್ನು ಮರೆಯುತ್ತಿದೆ ಎಂದು ಅರ್ಥ. ಇಷ್ಟನ್ನು ಅವಳು ಹತ್ತನೆಯ ವಯಸ್ಸಿಗೇ ಬಲ್ಲಳು. ಅಂಥ ಶೂ ತಂದ ಗಿರಾಕಿಯ ಕಾಲನ್ನು ತಂದೆ ಅಳೆಯುತ್ತಲೇ ಇರಲಿಲ್ಲ. "ಮೊದಲು ನರದ ಡಾಕ್ಟರ ಹತ್ತಿರ ಹೋಗಿ ಬನ್ನಿ," ಎಂದು ಶೂವನ್ನು ವಾಪಸು ಕೊಡುತ್ತಿದ್ದರು.

ಎಮ್ರಿಸ್‌ನ ಶೂವಿನಲ್ಲಿ ಆ ಕಲೆಯನ್ನು ಅವಳು ಮೊದಲು ಕಂಡದ್ದು ಮಾರ್ಚಿಯಲ್ಲಿ. ಆಗ ಅದು ಬೇಳೆಕಾಳಿನಷ್ಟಿತ್ತು. ಯಾರಿಗೂ ಹೇಳಲಿಲ್ಲ, ಅವನಿಗೂ ಹೇಳಲಿಲ್ಲ. ಜೂನ್ ತಿಂಗಳಲ್ಲಿ ಆಗಬೇಕಿದ್ದ ಮದುವೆಯನ್ನು ಕೆಲಸದ ನೆಪ ಹೇಳಿ ಸೆಪ್ಟೆಂಬರಿಗೆ ತಳ್ಳಿದಳು. ಸೆಪ್ಟೆಂಬರಿನಿಂದ, ಇನ್ನೊಂದು ನೆಪ ಹೇಳಿ, ಮುಂದಿನ ಏಪ್ರಿಲಿಗೆ. ಇವತ್ತು ಸಂತ ನಿಕೋಲಾಸರ ಹೆಸರಿನ ಸಿಂಟರ್‌ಕ್ಲಾಸ್ ಹಬ್ಬದ ಊಟಕ್ಕೆ ಮನೆಯವರೆಲ್ಲ ಸೇರಿದಾಗ ಆ ತಾರೀಖನ್ನು ಬಾಯಿ ಬಿಟ್ಟು ಹೇಳುವುದೆಂದು ಎಮ್ರಿಸ್‌ಗೆ ಮಾತು ಕೊಟ್ಟಿದ್ದಳು.

ಬಸ್ಸಿನಲ್ಲಿ ಅವನು ಮತ್ತೆ ಕೇಳಿದ. "ಏಪ್ರಿಲ್ ಹದಿನೆಂಟು. ನೀನೇ ಹೇಳ್ತೀಯಲ್ಲ? ನಾನು ಹೇಳಿದರೆ ನಿನ್ನ ಅಣ್ಣ ನನ್ನ ಡಚ್ಚನ್ನ ಅಣಕಿಸ್ತಾನೆ."

"ಹೇಳ್ತೀನಿ."

"ಸೂಪ್ ಬರೋಕೆ ಮುಂಚೆನಾ, ಆಮೇಲಾ?"

"ಹೇಳ್ತೀನಿ ಅಂದೆನಲ್ಲ."

ಎಮ್ರಿಸ್ ನಕ್ಕು ಕಿಟಕಿಯಾಚೆ ನೋಡಿದ. ವೇಲ್ಸ್ ಸೀಮೆಯವನು, ಎರಡು ವರ್ಷದಿಂದ ಈ ದೇಶದಲ್ಲಿ ಹೊಲಹೊಲ ನಡೆದು ಮಣ್ಣಿನ ಪದರಗಳನ್ನು ಕೊರೆದು ನೋಡುವ ಕೆಲಸ. ಹೊಲಕ್ಕೆ ರಬ್ಬರ್ ಬೂಟು, ಉಳಿದೆಲ್ಲ ಕಡೆಗೂ ಈ ಒಂದೇ ಜೊತೆ ಕಂದು ಶೂ. ಹೊಸದು ಕೊಳ್ಳು ಎಂದು ವೆಂಡೆಲಾ ಹಲವು ಸಲ ಹೇಳಿದ್ದಳು. ಕಾಲಿಗೆ ಒಗ್ಗಿದ್ದನ್ನು ಯಾಕೆ ಬಿಡಬೇಕು ಎಂಬುದು ಅವನ ವಾದ.

ಅವಳ ತಂದೆಯ ಮನೆಯಲ್ಲಿ ಶೂ ಹಜಾರದಿಂದ ಒಳಗೆ ಬರುವಂತಿಲ್ಲ. ದಿನವಿಡೀ ಶೂಗಳ ನಡುವೆ ಇರುವವನಿಗೆ ಊಟದ ಮನೆಯಲ್ಲಾದರೂ ಅವು ಕಾಣಬಾರದು ಎಂದು ಅಜ್ಜ ಹಾಕಿದ ಕಟ್ಟಳೆ. ಎಮ್ರಿಸ್ ಬಿಚ್ಚಿದ ಜೋಡನ್ನು ವೆಂಡೆಲಾ ತಾನೇ ಎತ್ತಿ, ಮೂತಿ ಗೋಡೆಯ ಕಡೆಗಿರುವಂತೆ ಮೂಲೆಯಲ್ಲಿಟ್ಟಳು.

ಸಂಜೆ ನಾಲ್ಕೂವರೆಗೇ ಹೊರಗೆ ಮಬ್ಬು ಕವಿದಿತ್ತು. ಮೇಜಿನ ಮೇಲೆ ಮಾಂಸ ತುಂಬಿದ ಬನ್ನುಗಳು, ಸೋಂಪು ಹಾಕಿ ಕಾಸಿದ ಹಾಲು, ಒಬ್ಬೊಬ್ಬರ ಹೆಸರಿನ ಮೊದಲಕ್ಷರದ ಆಕಾರದಲ್ಲಿ ಎರಕ ಹೊಯ್ದ ಚಾಕೊಲೇಟು. ತಾಯಿ ರೀಕ್ ಬಟಾಣಿ ಸೂಪಿನ ಪಾತ್ರೆಯನ್ನು ಸಣ್ಣ ಉರಿಯಲ್ಲಿಟ್ಟು ಬಂದು ಕುಳಿತರು. ಅಣ್ಣ ಲಾಂಬರ್ಟ್ ಉಡುಗೊರೆಗಳ ಗೋಣಿಚೀಲವನ್ನು ಮಧ್ಯಕ್ಕೆ ಎಳೆದ. ತಂದೆಯ ತಂಗಿ ಡೀನ್, ಶಾಲೆಯಲ್ಲಿ ಮೂವತ್ತಾರು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಎಮ್ರಿಸ್‌ನ ಪಕ್ಕದಲ್ಲೇ ಜಾಗ ಹಿಡಿದು ನಿಯಮ ವಿವರಿಸಿದರು.

"ನೋಡಪ್ಪಾ, ಅಕ್ಟೋಬರಲ್ಲೇ ಚೀಟಿ ಎತ್ತಿರ್ತೀವಿ. ಯಾರಿಗೆ ಯಾರ ಹೆಸರು ಬಂದಿದೆ ಅನ್ನೋದು ಗುಟ್ಟು. ಉಡುಗೊರೆ ಜೊತೆಗೊಂದು ಪದ್ಯ. ಆ ವರ್ಷದಲ್ಲಿ ನಿನ್ನಲ್ಲಿ ಏನೇನು ಹುಳುಕು ಕಂಡಿತೋ ಎಲ್ಲ ಅದರಲ್ಲಿರತ್ತೆ. ಬರೆದದ್ದು ಸಂತ ನಿಕೋಲಾಸ್ ಅಂತ ಲೆಕ್ಕ, ಅದಕ್ಕೇ ಯಾರ ಮೇಲೂ ಕೋಪ ಮಾಡ್ಕೊಳ್ಳೋ ಹಾಗಿಲ್ಲ. ಯಾರಿಗೆ ಬಂದಿದೆಯೋ ಅವರೇ ಗಟ್ಟಿಯಾಗಿ ಓದಬೇಕು. ಓದಿ, 'ಧನ್ಯವಾದ ಸಂತರೇ' ಅನ್ನಬೇಕು."

"ಅತ್ತರೆ?" ಎಂದ ಎಮ್ರಿಸ್.

"ಅತ್ತರೆ ಮುಂದಿನ ವರ್ಷ ಪದ್ಯ ಇನ್ನೂ ಉದ್ದ ಇರತ್ತೆ," ಎಂದ ಲಾಂಬರ್ಟ್. ಎಲ್ಲರೂ ನಕ್ಕರು.

ಮೊದಲ ಪೊಟ್ಟಣ ರೀಕ್ ಅವರದು. ಅವರು ಕೇಕು ಸುಟ್ಟ ಕತೆ ಎಂಟು ಸಾಲಿನಲ್ಲಿತ್ತು. ಓದಿ, ಕಣ್ಣೊರೆಸಿಕೊಂಡು ನಕ್ಕು, ಸಂತರಿಗೆ ಧನ್ಯವಾದ ಹೇಳಿದರು. ಎರಡನೆಯದರ ಮೇಲೆ ಎಮ್ರಿಸ್‌ನ ಹೆಸರಿತ್ತು. ಒಳಗೆ ಒಂದು ಡಬ್ಬಿ ಶೂ ಪಾಲಿಶ್, ಒಂದು ಜೊತೆ ಲೇಸು, ಮಡಿಸಿದ ಒಂದು ಹಾಳೆ. ಮರದ ಗೊಂಬೆಗೆ ಹಗ್ಗ ಕಟ್ಟಿ ನಡೆಸಿದಂತೆ ಅವನು ಒಂದೊಂದೇ ಡಚ್ ಅಕ್ಷರವನ್ನು ನಡೆಸುತ್ತ ಓದಿದ.

ಗುಡ್ಡ ಇಳಿದು ಬಂದನಮ್ಮ ವೇಲ್ಸ್ ಸೀಮೆಯ ಅಳಿಯ,
ಹಿಮ್ಮಡಿಯ ತುಳಿದು ತುಳಿದು ಮೆಟ್ಟಿದ ಜೋಡು ಹಳೆಯ.
ಒಂದು ಪಕ್ಕ ಸವೆದು ಸವೆದು ಓರೆಯಾಯ್ತು ಅಟ್ಟೆ,
ನಮ್ಮಂಗಡಿಯ ಕಸದ ಬುಟ್ಟಿ ಕೂಡ ಅಂತು: ಬಿಟ್ಟೆ!
ಎಡಗಾಲಿನ ತುದಿಗೆ ಮಾತ್ರ ನೆಲದ ಮೇಲೆ ಪ್ರೀತಿ,
ಹೆಜ್ಜೆಗೊಮ್ಮೆ ಮುತ್ತು ಕೊಡುವುದದರ ಒಂದು ರೀತಿ.

ಅವನ ಉಚ್ಚಾರಣೆಗೇ ಲಾಂಬರ್ಟ್ ಮೇಜು ಬಡಿದು ನಗುತ್ತಿದ್ದ. ಬರೆದವನು ಯಾರೆಂದು ಇನ್ನು ಯಾರೂ ಕೇಳಬೇಕಾಗಿರಲಿಲ್ಲ. ವೆಂಡೆಲಾ ಮಾತ್ರ ಕೊನೆಯ ಎರಡು ಸಾಲು ಕೇಳಿ ಹಾಲಿನ ಲೋಟವನ್ನು ಕೆಳಗಿಟ್ಟಳು.

"ಈಗ ಇಂಗ್ಲಿಷಲ್ಲಿ ಹೇಳು," ಎಂದ ಎಮ್ರಿಸ್ ಅವಳ ಕಡೆ ಹಾಳೆ ಸರಿಸಿ. "ಅರ್ಧ ಅರ್ಥವಾಯ್ತು. ಬೈಗುಳ ಅಂತ ಗೊತ್ತಾಯ್ತು, ಎಂಥ ಬೈಗುಳ ಅಂತ ಗೊತ್ತಾಗಲಿಲ್ಲ."

ಅನುವಾದ ಅವಳ ವೃತ್ತಿ. ಕಬ್ಬಿಣ ಕತ್ತರಿಸುವ, ಹಾಲು ಕಾಯಿಸುವ ಯಂತ್ರಗಳ ಕೈಪಿಡಿಗಳನ್ನು ಡಚ್ಚಿನಿಂದ ಇಂಗ್ಲಿಷಿಗೆ ತರುತ್ತಿದ್ದಳು. ಒಂದು ಪದ ಸಡಿಲವಾದರೆ ಎಲ್ಲೋ ಒಬ್ಬನ ಬೆರಳು ಹೋಗುತ್ತದೆ ಎಂದು ಕಿರಿಯರಿಗೆ ಹೇಳುತ್ತಿದ್ದಳು. ಆದರೆ ಈಗ ಮೊದಲೆರಡು ಸಾಲಿನಲ್ಲೇ ಹಿಮ್ಮಡಿ ತುಳಿದು ನೆಲಸಮವಾದ ಜೋಡನ್ನು ಅವಳು "ತುಂಬ ನಡೆದು ಕಾಲಿಗೆ ಒಗ್ಗಿದ ಜೋಡು" ಎಂದಳು.

"ಒಗ್ಗಿದ್ದಾ?" ಲಾಂಬರ್ಟ್ ಇಂಗ್ಲಿಷಿಗೆ ಹಾರಿದ. "ನಾನೆಲ್ಲಿ ಒಗ್ಗಿದ್ದು ಅಂತ ಬರೆದೆ? ಅಂದರೆ, ಸಂತರು ಎಲ್ಲಿ ಬರೆದರು? ಹಿಂದುಗಡೆ ಮಡಚಿ ಚಪ್ಪಲಿ ಥರ ಎಳ್ಕೊಂಡು ಹೋಗೋದು ಅದು!"

"ಅದೇ ಅಲ್ವೇನೋ ನಾನು ಹೇಳಿದ್ದು?"

"ಅಲ್ಲ ಕಣೇ. ನೀನು ಹೇಳಿದ್ದು ಹೊಗಳಿಕೆ. ನಿನಗೆ ಇದಕ್ಕೇ ಸಂಬಳ ಕೊಡ್ತಾರಾ?"

ಇಲ್ಲಿಯೇ ಅವಳ ಲೆಕ್ಕ ತಪ್ಪಿದ್ದು. ಬೇರೆ ದೇಶದ ಮನೆಯಾಗಿದ್ದರೆ ಹುಡುಗಿ ಹೇಳಿದ್ದೇ ಅನುವಾದವಾಗುತ್ತಿತ್ತು. ಈ ಮೇಜಿನ ಸುತ್ತ ಕುಳಿತವರೆಲ್ಲ ಶಾಲೆಯಲ್ಲೂ ಟೀವಿಯಲ್ಲೂ ಇಂಗ್ಲಿಷ್ ಕಲಿತವರು. ಇದ್ದದ್ದನ್ನು ಇದ್ದ ಹಾಗೆ ಹೇಳುವುದೇ ಅತಿಥಿಗೆ ಮಾಡುವ ಮರ್ಯಾದೆ ಎಂದು ನಂಬಿದವರು. ತಪ್ಪು ಪದವೊಂದು ಮೇಜಿನ ಮೇಲೆ ಬಿದ್ದಿರುವುದನ್ನು ನೋಡಿ ಸುಮ್ಮನೆ ಊಟ ಮಾಡುವುದು ಅವರಿಂದಾಗದು.

ಡೀನ್ ಅತ್ತೆ ಆಗಲೇ ಎದ್ದು ಕಪಾಟಿನಿಂದ ದಪ್ಪ ನಿಘಂಟು ತಂದಿದ್ದರು. ಕನ್ನಡಕ ಏರಿಸಿ ಹುಡುಕಿದರು. "ಇಲ್ಲಿದೆ. ಹಿಮ್ಮಡಿ ಕುಸಿದದ್ದು. ಬರೀ ಶೂವಿಗಲ್ಲ, ಮನುಷ್ಯರಿಗೂ ಅನ್ನಬಹುದಂತೆ, ನೆಲ ಹಿಡಿದವನಿಗೆ, ದೆಸೆ ಕೆಟ್ಟವನಿಗೆ. ಎಮ್ರಿಸ್, ಈ ಪದ ನಿಮ್ಮ ಕಡೆ ಬಳಸ್ತೀರಾ?"

"ಬಳಸ್ತೀವಿ," ಎಂದ ಎಮ್ರಿಸ್. ನಗುತ್ತಲೇ ಇದ್ದ. ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಬರೆದುಕೊಂಡ. "ಮುಂದಿನದು?"

"ಮೂರನೇ ಸಾಲು," ಎಂದಳು ವೆಂಡೆಲಾ. "ನಿನ್ನ ಶೂ ಒಂದು ಕಡೆ ಸ್ವಲ್ಪ..."

"ಸ್ವಲ್ಪ ಅಂತಿಲ್ಲ," ಎಂದರು ರೀಕ್ ಕೂಡ. ಮಗಳ ನೆರವಿಗೆ ಬಂದೆನೆಂದೇ ಅವರು ತಿಳಿದಿದ್ದರು. "ಸವೆದು ಸವೆದು ಅಂತ ಎರಡು ಸಲ ಇದೆ ನೋಡು. ಪಾಪ, ಹುಡುಗನಿಗೆ ಸರಿಯಾಗಿ ಹೇಳು, ಕಲೀಲಿ."

ಎಮ್ರಿಸ್ ಅದನ್ನೂ ಬರೆದುಕೊಂಡ. ಓರೆಯಾದ ಅಟ್ಟೆಗೆ ಇಂಗ್ಲಿಷಿನಲ್ಲಿ ಒಂದೇ ಪದ ಇಲ್ಲವೆಂದು ಅತ್ತೆಯೂ ಲಾಂಬರ್ಟನೂ ಎರಡು ನಿಮಿಷ ವಾದ ಮಾಡಿದರು. ಬಿರುಗಾಳಿಗೆ ವಾಲಿದ ಬೇಲಿಯ ಹೋಲಿಕೆ ತಂದರು, ಕುಡಿದು ನಿಂತವನ ಹೋಲಿಕೆ ತಂದರು. ಪ್ರತಿ ಹೋಲಿಕೆಗೂ ನಗೆ. ಗೋವರ್ಟ್ ಮಾತ್ರ ನಗದೆ, ಪುಟ್ಟ ಲೋಟದಲ್ಲಿದ್ದ ಯೆನೇವರ್ ಸಾರಾಯಿಯನ್ನು ಗುಟುಕರಿಸುತ್ತ ಕುಳಿತಿದ್ದರು. ಭಾವೀ ಅಳಿಯನ ಬಗ್ಗೆ ಅವರು ಇದುವರೆಗೆ ಒಳ್ಳೆಯದನ್ನೂ ಹೇಳಿರಲಿಲ್ಲ, ಕೆಟ್ಟದ್ದನ್ನೂ ಹೇಳಿರಲಿಲ್ಲ.

"ಕೊನೇದು ಏನಿಲ್ಲ," ಎಂದು ವೆಂಡೆಲಾ ಹಾಳೆ ಮಡಿಸತೊಡಗಿದಳು. "ನಿನ್ನ ಶೂಗಳಿಗೆ ನಮ್ಮ ನೆಲ ಇಷ್ಟವಾಗಿದೆಯಂತೆ. ಅಷ್ಟೆ. ಸೂಪ್ ತರಲಾ ಅಮ್ಮ?"

"ಏ, ಏ, ಏ!" ಲಾಂಬರ್ಟ್ ಹಾಳೆ ಕಸಿದುಕೊಂಡ. "ಇದೇ ಕಣೇ ಚೆನ್ನಾಗಿರೋದು, ಇದನ್ನೇ ನುಂಗ್ತೀಯಲ್ಲ! ಶೂಗಳಲ್ಲ, ಎಡಗಾಲಿನದು ಮಾತ್ರ. ಅಕ್ಟೋಬರಲ್ಲಿ ಏರಿ ಮೇಲೆ ವಾಕಿಂಗ್ ಹೋಗಿದ್ವಲ್ಲ, ಹಿಂದಿನಿಂದ ನೋಡ್ತಿದ್ದೆ. ಸರ್... ಟಕ್. ಸರ್... ಟಕ್." ಎದ್ದು ನಿಂತು, ಎಡಗಾಲಿನ ಬೆರಳುಗಳನ್ನು ನೆಲಕ್ಕೆ ಉಜ್ಜುತ್ತ ಮೇಜಿನ ಸುತ್ತ ಒಂದು ಸುತ್ತು ನಡೆದು ತೋರಿಸಿದ. ಅವನು ಬ್ಯಾಂಕಿನ ಕೆಲಸಗಾರ. ಅಂಗಡಿಯ ವಿದ್ಯೆ ಅವನಿಗೆ ಹತ್ತಿರಲಿಲ್ಲ. ಅಣಕ ಮಾತ್ರ ಕರಾರುವಾಕ್ಕಾಗಿತ್ತು. ಅತ್ತೆ ನಕ್ಕು ನಕ್ಕು ಕೆಮ್ಮಿದರು. ಎಮ್ರಿಸ್ ಚಪ್ಪಾಳೆ ತಟ್ಟಿದ.

ಗೋವರ್ಟ್ ಲೋಟ ಕೆಳಗಿಟ್ಟರು.

"ಇನ್ನೊಂದು ಸಲ ನಡಿ," ಎಂದರು ಮಗನಿಗೆ.

ಲಾಂಬರ್ಟ್ ಹುಮ್ಮಸ್ಸಿನಿಂದ ಇನ್ನೊಂದು ಸುತ್ತು ಹಾಕಿದ. ಅದು ಮುಗಿಯುವ ಮೊದಲೇ ತಂದೆ ಹಜಾರಕ್ಕೆ ಹೋಗಿದ್ದರು. ತಿರುಗಿ ಬಂದಾಗ ಅವರ ಕೈಯಲ್ಲಿ ಎಡಗಾಲಿನ ಶೂ ಇತ್ತು. ಅಜ್ಜನ ಕಟ್ಟಳೆಯನ್ನು ಆ ಮನೆಯಲ್ಲಿ ಮೊದಲ ಸಲ ಮುರಿದು, ಚಾಕೊಲೇಟುಗಳನ್ನು ಮೊಣಕೈಯಿಂದ ಸರಿಸಿ, ಹಳೆಯ ಪತ್ರಿಕೆ ಹಾಸಿ, ಶೂವನ್ನು ದೀಪದ ಕೆಳಗಿಟ್ಟರು. ಕೈವಸ್ತ್ರದ ತುದಿಯನ್ನು ಯೆನೇವರಿನಲ್ಲಿ ಅದ್ದಿ ಮೂತಿಯನ್ನು ಒರೆಸಿದರು. ಒಂದು, ಎರಡು, ಮೂರು ಪದರ ಮೇಣ ಕರಗಿ ಬಟ್ಟೆಗೆ ಬಂತು. ಅಡಿಯಲ್ಲಿ ಬಿಳಿಚಿದ ತೊಗಲು ಕಂಡಿತು.

ನಗು ಒಬ್ಬೊಬ್ಬರದಾಗಿ ನಿಂತಿತು. ಕೊನೆಯಲ್ಲಿ ನಿಂತದ್ದು ಎಮ್ರಿಸ್‌ನದು.

"ಈ ವರ್ಷ ಎಷ್ಟು ಸಲ ಬಿದ್ದಿದ್ದೀರಿ?" ಗೋವರ್ಟ್ ಇಂಗ್ಲಿಷಿನಲ್ಲಿ ಕೇಳಿದರು. ಅಂಗಡಿಯ ದನಿ ಅದು.

"ಬೀಳೋದಾ? ಉತ್ತ ಹೊಲದಲ್ಲಿ ಎಲ್ಲರೂ ಬೀಳ್ತಾರೆ ಸರ್."

"ಎಷ್ಟು ಸಲ?"

"ಆಗಸ್ಟಿನಿಂದ ಈಚೆಗೆ... ಮೂರು. ಇಲ್ಲ, ನಾಲ್ಕು."

"ಕುರ್ಚಿ ಹಿಂದಕ್ಕೆ ಸರಿಸಿ. ಹಿಮ್ಮಡಿ ನೆಲದ ಮೇಲೆ ಊರಿ. ಎರಡೂ ಪಾದದ ಮುಂಭಾಗ ಮೇಲಕ್ಕೆತ್ತಿ."

ಎಮ್ರಿಸ್ ಒಮ್ಮೆ ಎಲ್ಲರ ಮುಖ ನೋಡಿದ. ಇದೂ ಹಬ್ಬದ ಆಟದಲ್ಲೇ ಸೇರಿದ್ದೇನೋ ಎಂಬ ಅನುಮಾನದ ನಗೆ ಅವನ ತುಟಿಯ ಮೇಲಿತ್ತು. ಕುರ್ಚಿ ಸರಿಸಿ ಪಾದ ಎತ್ತಿದ. ಹಸಿರು ಕಾಲುಚೀಲದ ಬಲಪಾದ ಚಕ್ಕನೆ ಎದ್ದು ನಿಂತಿತು. ಎಡದ್ದು ಎರಡು ಬೆರಳಿನಷ್ಟು ಎದ್ದು, ನಡುಗಿ, ಅಲ್ಲಿಯೇ ನಿಂತಿತು. ಮೇಜಿನ ಸುತ್ತಲಿನವರೆಲ್ಲ ಕತ್ತು ಬಗ್ಗಿಸಿ ಆ ಎರಡು ಕಾಲುಚೀಲಗಳನ್ನು ನೋಡಿದರು.

"ಇಳಿಸಿ," ಎಂದರು ಗೋವರ್ಟ್. "ನಾನು ಡಾಕ್ಟರಲ್ಲ. ನನ್ನ ಅಂಗಡಿಗೆ ಇಂಥ ಮೂತಿಯ ಶೂ ಹನ್ನೊಂದು ಬಂದಿವೆ. ಕೆಲವರದು ಬೆನ್ನಿನ ನರ, ಸರಿಹೋಯಿತು. ಬೇಗ ಬಂದವರದು. ನಾಲ್ಕು ಜನ ನನ್ನ ಹತ್ತಿರ ಎರಡನೇ ಜೊತೆ ಹೊಲಿಸಲಿಲ್ಲ, ಅಷ್ಟರಲ್ಲಿ ನಡಿಗೆಯೇ ನಿಂತಿತ್ತು. ನಾಳೆಯೇ ನರದ ಡಾಕ್ಟರನ್ನ ನೋಡಿ."

ಅನಂತರ ಮಗಳ ಕಡೆ ತಿರುಗಿ ಡಚ್ಚಿನಲ್ಲಿ ಹೇಳಿದರು. "ಈ ಮೇಣ ಸಣ್ಣ ವೃತ್ತದಲ್ಲಿ ತಿಕ್ಕಿದ್ದು. ಹಾಗೆ ತಿಕ್ಕೋದನ್ನ ಕಲಿಸಿದ್ದು ನಾನು. ಕಲೆ ಕಂಡದ್ದಕ್ಕೇ ಮುಚ್ಚಿದ್ದೀಯ. ಯಾವಾಗ ಕಂಡೆ?"

"ಅಪ್ಪಾ, ಆಮೇಲೆ ಮಾತಾಡೋಣ."

"ಯಾವಾಗ ಅಂತ ಕೇಳಿದೆ."

"ಮಾರ್ಚಿಯಲ್ಲಿ."

"ಏನಂತಿದ್ದಾರೆ?" ಎಂದ ಎಮ್ರಿಸ್.

ಈಗ ಯಾರೂ ಬಾಯಿ ಹಾಕಲಿಲ್ಲ. ಇಷ್ಟು ಹೊತ್ತು ಪದಪದಕ್ಕೂ ತಿದ್ದುಪಡಿ ಕೊಟ್ಟ ಲಾಂಬರ್ಟ್ ಚಾಕೊಲೇಟಿನ ಕಾಗದವನ್ನು ಉಂಡೆ ಮಾಡುತ್ತಿದ್ದ. ಅತ್ತೆ ನಿಘಂಟನ್ನು ಮುಚ್ಚಿ ಅದರ ಮೇಲೆ ಕೈಯಿಟ್ಟಿದ್ದರು. ಎಮ್ರಿಸ್ ಗೋವರ್ಟ್ ಅವರ ಕಡೆ ನೋಡಿದ.

"ಅವಳೇ ಹೇಳಲಿ," ಎಂದರು ಅವರು. "ಅವಳ ಕಸುಬು ಅದು."

ಸುಳ್ಳು ಹೇಳಲು ಅವಳಿಗೆ ಎಡೆ ಉಳಿದಿರಲಿಲ್ಲ; ಎಂಟು ಕಿವಿಗಳು ಅವಳ ಇಂಗ್ಲಿಷನ್ನು ತೂಗಲು ಕಾದಿದ್ದವು. ಆ ಸಂಜೆ ಮೊದಲ ಬಾರಿಗೆ ವೆಂಡೆಲಾ ಏನನ್ನೂ ಬಿಡದೆ, ಏನನ್ನೂ ಸೇರಿಸದೆ ಅನುವಾದಿಸಿದಳು. "ಮೇಣ ಹಚ್ಚಿದ್ದು ನಾನು ಅಂತ ಹೇಳಿದರು. ಕಲೆ ಕಂಡದ್ದಕ್ಕೇ ಮುಚ್ಚಿದ್ದೀಯ ಅಂದರು. ಯಾವಾಗ ಕಂಡೆ ಅಂತ ಕೇಳಿದರು. ಮಾರ್ಚಿಯಲ್ಲಿ ಅಂತ ನಾನು ಹೇಳಿದೆ."

ಎಮ್ರಿಸ್ ಪುಸ್ತಕವನ್ನು ಜೇಬಿಗಿಟ್ಟುಕೊಂಡ. ಲೆಕ್ಕ ಹಾಕುವವನಂತೆ ಮೇಜಿನ ಅಂಚನ್ನು ನೋಡುತ್ತ ಕುಳಿತ.

"ಮಾರ್ಚಿ," ಎಂದ. "ಮದುವೆ ಜೂನಿನಿಂದ ಸೆಪ್ಟೆಂಬರಿಗೆ ಹೋಗಿದ್ದು ಏಪ್ರಿಲಲ್ಲಿ. ನಿನ್ನ ಕಚೇರಿಯಲ್ಲಿ ಯಾರೋ ರಜೆ ಮೇಲೆ ಹೋಗಿದ್ದರು ಅಂದಿದ್ದೆ."

"ಎಮ್ರಿಸ್..."

"ಹೋಗಿದ್ದರಾ?"

"ಇಲ್ಲ."

"ಮತ್ತೆ ಯಾಕೆ?"

ನಿನಗೆ ಭಯವಾಗಬಾರದೆಂದು, ಎನ್ನಬಹುದಿತ್ತು. ಕರುಣೆಯ ಪದಗಳು ಎರಡೂ ಭಾಷೆಗಳಲ್ಲಿ ಬೇಕಾದಷ್ಟಿದ್ದವು. ಆದರೆ ನಿಖರತೆ ಒಮ್ಮೆ ನಾಲಗೆಗೆ ಬಂದ ಮೇಲೆ ಅಲ್ಲಿಂದ ಇಳಿಯಲಿಲ್ಲ.

"ಹೆಚ್ಚಾಗುತ್ತೋ ಇಲ್ಲವೋ ನೋಡೋಣ ಅಂತ."

ರೀಕ್ ಬಾಯಿಗೆ ಕೈ ಹಿಡಿದರು.

"ಹೆಚ್ಚಾಯ್ತಾ?" ಎಂದ ಎಮ್ರಿಸ್. ದನಿ ಏರಿರಲಿಲ್ಲ, ಮಣ್ಣಿನ ತೇವ ಕೇಳುವವನ ದನಿಯಂತಿತ್ತು.

"ಆಯ್ತು."

"ನೀನು ಬಾಯಿ ಬಿಟ್ಟಿದ್ದರೆ ನಾನು ಮಾರ್ಚಿಯಲ್ಲೇ ಡಾಕ್ಟರ ಹತ್ತಿರ ಹೋಗಿರ್ತಿದ್ದೆ. ಬೇಗ ಬಂದವರದು ಸರಿಹೋಯಿತು ಅಂದರಲ್ಲ ನಿಮ್ಮಪ್ಪ."

ಎಮ್ರಿಸ್ ಎದ್ದ. ಪತ್ರಿಕೆಯ ಮೇಲಿಂದ ಶೂವನ್ನು ತೆಗೆದುಕೊಂಡು, "ನೋಡಿ ಹೇಳಿದ್ದಕ್ಕೆ ಉಪಕಾರವಾಯ್ತು ಸರ್," ಎಂದ. ಲಾಂಬರ್ಟ್ ಅರ್ಧ ಎದ್ದು, "ನನಗೆ ಗೊತ್ತಿರಲಿಲ್ಲ ಮಾರಾಯ, ದೇವರಾಣೆ," ಎಂದ.

"ನಿನಗೆ ಗೊತ್ತಿರಲಿಲ್ಲ ಅನ್ನೋದು ನನಗೆ ಗೊತ್ತು. ಪದ್ಯ ಚೆನ್ನಾಗಿತ್ತು."

ಹಜಾರದಲ್ಲಿ ಅವನು ಮೆಟ್ಟಿಲ ಮೇಲೆ ಕುಳಿತು ಲೇಸು ಕಟ್ಟಿಕೊಂಡ. ಎಡಗಾಲಿನದಕ್ಕೆ ಹೆಚ್ಚು ಹೊತ್ತು ಬೇಕಾಯಿತು. ವೆಂಡೆಲಾ ಕೋಟು ಕೈಗೆತ್ತಿಕೊಂಡು ನಿಂತಿದ್ದಳು.

"ಬಸ್ಸಿನ ತನಕ ಬರ್ತೀನಿ."

"ಬೇಡ."

"ಕತ್ತಲಾಗಿದೆ, ದಾರಿ ಜಾರತ್ತೆ."

"ನೀನು ಹಿಂದೆ ಬಂದರೆ ನನಗೆ ನಡೆಯೋಕೆ ಬರೋಲ್ಲ," ಎಂದ ಎಮ್ರಿಸ್. "ಮಾರ್ಚಿಯಿಂದ ನಾನು ನಡೆದದ್ದನ್ನೆಲ್ಲ ಎಣಿಸ್ತಾ ಇದ್ದೀಯ ನೀನು."

ಬಾಗಿಲು ಹಾಕಿಕೊಂಡಿತು. ಅವಳು ಪಕ್ಕದ ಕಿರಿದಾದ ಗಾಜಿಗೆ ಮುಖವಿಟ್ಟಳು. ಬೀದಿದೀಪದ ಬೆಳಕಿನಲ್ಲಿ ಅವನು ಇಟ್ಟಿಗೆ ಹಾಸಿನ ಮೇಲೆ ಹೋಗುತ್ತಿದ್ದ. ಬೆನ್ನು ಸೆಟೆದಿತ್ತು, ಪ್ರತಿ ಹೆಜ್ಜೆಯನ್ನೂ ಬೇಕೆಂದೇ ಎತ್ತಿ ಇಡುತ್ತಿದ್ದ. ಗೇಟು ದಾಟುವವರೆಗೆ ಮಾತ್ರ ಅದು ಸಾಧ್ಯವಾಯಿತು. ಆಮೇಲೆ ಎಡಗಾಲಿನ ತುದಿ ಇಟ್ಟಿಗೆಗೆ ತಗುಲಿತು. ಅವನ ಹೆಗಲು ಕುಲುಕಿತೋ, ಅವನು ಅಳುತ್ತಿದ್ದನೋ ಅವಳು ನೋಡಲಿಲ್ಲ. ಹದಿನಾಲ್ಕು ಹೆಜ್ಜೆಗೆ ಐದು ಸಲ, ಎಂದು ಅವಳ ಮನಸ್ಸು ಗುರುತು ಹಾಕಿಕೊಂಡಿತು.

ತಂದೆ ಬಂದು ಹಿಂದೆ ನಿಂತದ್ದು ಯೆನೇವರಿನ ವಾಸನೆಯಿಂದ ತಿಳಿಯಿತು.

"ಆ ನಾಲ್ಕು ಜನ," ಎಂದಳು ಗಾಜಿನಿಂದ ಮುಖ ತೆಗೆಯದೆ. "ಎರಡನೇ ಜೊತೆ ಹೊಲಿಸದೇ ಇದ್ದವರು. ಅವರು ಎಷ್ಟು ವರ್ಷ ನಡೆದಾಡಿದರು ಅಪ್ಪಾ?"

ಗೋವರ್ಟ್ ಅವಳ ಕೈಯಿಂದ ಕೋಟು ತೆಗೆದು ಗೂಟಕ್ಕೆ ಹಾಕಿದರು. "ಅದನ್ನ ಯಾರಿಗೋಸ್ಕರ ಕೇಳ್ತಿದ್ದೀಯ? ಅವನಿಗೋ, ನಿನಗೋ?"

ಬೀದಿಯ ತಿರುವಿನಲ್ಲಿ ಈಗ ಯಾರೂ ಇರಲಿಲ್ಲ.

"ನನಗೆ," ಎಂದಳು ವೆಂಡೆಲಾ.